7 ಮಿ.ಮೀ. ಪಾಕೆಟ್‌ಗೆ (ಹಲ್ಲಿಗೂ ಒಸಡಿಗೂ ನಡುವೆ ಆಳವಾದ ಸಂದಿಗೆ) ಸ್ಕೇಲಿಂಗ್ ಜೊತೆ ಲೇಸರ್ ಬೇಕಾ? ಬೇಕಾದರೆ ಎಷ್ಟು ವ್ಯಾಟ್, ಎಷ್ಟು ಹೊತ್ತು?

ಮೂಡಿಗೆರೆ_ದಂತ
ಎಲ್ಲರಿಗೂ ನಮಸ್ಕಾರ. ಮೊದಲು ಕೇಸ್ ಹೇಳಿಬಿಡ್ತೀನಿ. ವಯಸ್ಸು 50ರ ಆಸುಪಾಸು, ಕಾಫಿ ತೋಟದ ಕೆಲಸ. ಊಟ ಆದಮೇಲೆ ಎಲೆಅಡಿಕೆ, ಹೊಗೆಸೊಪ್ಪು. ದಿನಕ್ಕೆ ನಾಲ್ಕೈದು ಬೀಡಿ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 8.1. ಹಲ್ಲು 36ರ (ಕೆಳಗಿನ ಎಡ ದವಡೆಹಲ್ಲು) ಹಿಂಬದಿಯಲ್ಲಿ 7 ಮಿ.ಮೀ., 46ರ (ಕೆಳಗಿನ ಬಲ ದವಡೆಹಲ್ಲು) ಮುಂಬದಿಯಲ್ಲಿ 6, ಮೇಲಿನ ಎಡ ದವಡೆಹಲ್ಲು 26ರಲ್ಲಿ ಬೇರು ಕವಲೊಡೆಯುವ ಜಾಗಕ್ಕೆ ಪ್ರೋಬ್ (ಆಳ ಅಳೆಯೋ ಕಡ್ಡಿ) ಅರ್ಧ ಒಳಗೆ ಹೋಗುತ್ತೆ. ಉಳಿದ ಕಡೆ 4–5. ಮುಟ್ಟಿದಲ್ಲೆಲ್ಲ ರಕ್ತ.

ಕ್ಲಿನಿಕ್ಕಿಗೆ 980 ನ್ಯಾನೋಮೀಟರ್ ಡಯೋಡ್ ಲೇಸರ್ ತಗೊಳ್ಳೋ ಯೋಚನೆ ಇದೆ. ಮಾರೋಕೆ ಬಂದವರು "ಒಂದೇ ಸಿಟ್ಟಿಂಗ್‌ನಲ್ಲಿ ಪಾಕೆಟ್ ಮುಚ್ಚುತ್ತೆ, ಸರ್ಜರಿನೇ ಬೇಡ" ಅಂತಾರೆ. ಸ್ಕೇಲಿಂಗ್, ರೂಟ್ ಪ್ಲೇನಿಂಗ್ (ಹಲ್ಲಿನ ಕಿಟ್ಟ ತೆಗೆದು ಬೇರು ಕೆರೆಯೋದು) ಜೊತೆಗೆ ಇದನ್ನ ಹಾಕಿದರೆ ನಿಜವಾಗಿ ಎಷ್ಟು ಹೆಚ್ಚು ಸಿಗುತ್ತೆ? ದಿನಾ ಬಳಸೋರು ಸೆಟ್ಟಿಂಗ್ ಸಮೇತ ಹೇಳಿ.

ಹಾಸನ_ಪೆರಿಯೋ
ಒಂದೇ ಸಿಟ್ಟಿಂಗ್‌ನಲ್ಲಿ ಮುಚ್ಚೋ ಪಾಕೆಟ್ ಅಂದ್ರೆ ರೋಗಿಯ ಜೇಬು ಮಾತ್ರ.

ಲೆಕ್ಕ ನೋಡಿ. ಬರೀ ಸ್ಕೇಲಿಂಗ್, ರೂಟ್ ಪ್ಲೇನಿಂಗ್ ಸರಿಯಾಗಿ ಮಾಡಿದರೆ 4–6 ಮಿ.ಮೀ. ಪಾಕೆಟ್ ಸರಾಸರಿ 1.3 ಮಿ.ಮೀ. ಇಳಿಯುತ್ತೆ, 7 ಮತ್ತು ಅದಕ್ಕಿಂತ ಆಳದ್ದು 2.2ರಷ್ಟು. ಇದು ಹಳೆಯ, ಗಟ್ಟಿ ಅಂಕಿ. ಇದರ ಮೇಲೆ ಲೇಸರ್ ಏನು ಕೊಡುತ್ತೆ? ಅಮೆರಿಕದ ಒಸಡು ತಜ್ಞರ ಅಕಾಡೆಮಿ 2018ರಲ್ಲಿ ಇದ್ದ ಸಾಕ್ಷ್ಯವನ್ನೆಲ್ಲ ಕೂಡಿಸಿ ನೋಡಿ, ಹೆಚ್ಚಿನ ಲಾಭ 1 ಮಿ.ಮೀ.ಗಿಂತ ಕಡಿಮೆ ಅಂತ ಹೇಳಿತು. 2015ರ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಮಾರ್ಗಸೂಚಿ ಬರೀ ಡಯೋಡ್, ಎನ್‌ಡಿ ಯಾಗ್, ಎರ್ಬಿಯಂ ಈ ಮೂರೂ ಬಗೆಯ ಲೇಸರನ್ನ ಜೊತೆಚಿಕಿತ್ಸೆಯಾಗಿ ಬೇಡ ಅಂದಿತ್ತು. ಬಣ್ಣ ಹಾಕಿ ಬೆಳಕು ಬಿಡೋ ವಿಧಾನಕ್ಕೆ ಮಾತ್ರ ದುರ್ಬಲ ಒಪ್ಪಿಗೆ ಕೊಟ್ಟಿತ್ತು. ಯುರೋಪಿನ ಒಸಡು ತಜ್ಞರ ಒಕ್ಕೂಟ 2020ರಲ್ಲಿ ಅದನ್ನೂ ಬೇಡ ಅಂತು.

ಈಗ ನಿಮ್ಮ ಕೈಲಿರೋ ಪ್ರೋಬ್ ನೋಡಿ. ಒಬ್ಬರೇ ಒಂದೇ ಜಾಗವನ್ನ ಎರಡು ಸಲ ಅಳೆದರೂ 1 ಮಿ.ಮೀ. ಆಚೀಚೆ ಬರೋದು ಮಾಮೂಲು. ಒತ್ತೋ ಬಲ 25 ಗ್ರಾಂ ಬದಲು 50 ಆದರೆ ಊದಿದ ಒಸಡಿನಲ್ಲಿ ತುದಿ ಇನ್ನೂ ಕೆಳಗಿಳಿಯುತ್ತೆ. ಅಂದರೆ ಲೇಸರ್ ಕೊಡೋ ಲಾಭ ನಮ್ಮ ಅಳತೆಯ ತಪ್ಪಿನ ಒಳಗೇ ಕೂತಿದೆ. "ನನ್ನ ಕೇಸಲ್ಲಿ ಕೆಲಸ ಮಾಡ್ತು" ಅನ್ನೋ ಮಾತಿಗೆ ಅದಕ್ಕೇ ಬೆಲೆ ಇಲ್ಲ. ಲೇಸರ್ ಇಲ್ಲದೇ ಅದೇ ಕೇಸ್ ಎಲ್ಲಿಗೆ ಬರ್ತಿತ್ತು ಅಂತ ಯಾರು ನೋಡಿದ್ದಾರೆ?

ಚಿಕ್ಕಮಗಳೂರು_ಲೇಸರ್
ಸಾರ್, ಅಂಕಿ ಒಪ್ಪಿದೆ. ಆದರೆ ಎಲ್ಲವನ್ನೂ ಮಿಲಿಮೀಟರ್‌ನಲ್ಲಿ ತೂಗಬೇಡಿ ಮಾರಾಯ್ರೆ. ಮುಟ್ಟಿದರೆ ರಕ್ತ ಸುರಿಯೋ ಕೇಸಿನಲ್ಲಿ ಪಾಕೆಟ್‌ನ ಒಳಗೋಡೆಯ ಕೊಳೆತ ಪದರ ತೆಗೆದು ರಕ್ತ ನಿಲ್ಲಿಸೋಕೆ ಡಯೋಡ್ ಚೆನ್ನಾಗಿ ಆಗುತ್ತೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಲ್ಲಿ ಅದೂ ಒಂದು ಅನುಕೂಲ. ಪಾಕೆಟ್ ಮುಚ್ಚುತ್ತೆ ಅಂತ ಹೇಳಿ ಹಣ ತಗೊಂಡರೆ ಮಾತ್ರ ಮೋಸ.

ನಾನು ಹೋಗೋ ಕ್ರಮ ಇದು: ಸ್ಕೇಲಿಂಗ್ ಮುಗಿದ ಮೇಲೆ 400 ಮೈಕ್ರಾನ್ ಫೈಬರ್, 1.5 ವ್ಯಾಟ್, ಪ್ರತಿ ಬದಿಗೆ 20 ಸೆಕೆಂಡು.

ಹಾಸನ_ಪೆರಿಯೋ
1.5 ವ್ಯಾಟ್ ಕಂಟಿನ್ಯೂಯಸ್ಸಾ, ಪಲ್ಸ್ಡ್ಡಾ? ತುದಿಗೆ ಕಪ್ಪು ಹಿಡಿಸಿದ್ದಾ, ಹಾಗೇನಾ? ಈ ಎರಡು ಹೇಳದೆ ವ್ಯಾಟ್ ಹೇಳಿದರೆ ಅರ್ಥ ಇಲ್ಲ.

ಪಲ್ಸ್ಡ್‌ನಲ್ಲಿ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಇದ್ದರೆ 1.5ರ ಸರಾಸರಿ 0.75 ವ್ಯಾಟ್. 20 ಸೆಕೆಂಡಿಗೆ 15 ಜೂಲ್. ಅದೇ ಕಂಟಿನ್ಯೂಯಸ್ ಆದರೆ 30 ಜೂಲ್, ನೇರ ಎರಡು ಪಟ್ಟು. ಕೆಲವು ಯಂತ್ರದ ಪರದೆ ಮೇಲಿರೋದು ಗರಿಷ್ಠ, ಕೆಲವದರಲ್ಲಿ ಸರಾಸರಿ. ಒಬ್ಬರ ಸೆಟ್ಟಿಂಗ್ ಇನ್ನೊಬ್ಬರು ಕಣ್ಣುಮುಚ್ಚಿ ಎತ್ತಿಕೊಂಡು ಒಸಡು ಸುಡೋದು ಇಲ್ಲೇ.

ಮೂಳೆಗೆ 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ತಗುಲಿದರೆ ಹಾನಿ. ಒಳಗಿನ ನರಕ್ಕೆ 5.5 ಡಿಗ್ರಿ ಏರಿಕೆಯೇ ಅಪಾಯದ ಗೆರೆ ಅಂತ 1965ರಿಂದಲೂ ಓದಿಕೊಂಡು ಬಂದಿದ್ದೇವೆ. ಕೆಳದವಡೆಯ ಮುಂದಿನ ಹಲ್ಲುಗಳಲ್ಲಿ ಬೇರೂ ತೆಳು, ಮೂಳೆಯೂ ತೆಳು. ದವಡೆಹಲ್ಲಿನ ಸೆಟ್ಟಿಂಗ್ ಅಲ್ಲಿ ಬೇಡ.

ಇನ್ನೊಂದು, ನಮ್ಮ ಜನದ್ದೇ ವಿಷಯ. ಡಯೋಡ್ ಬೆಳಕನ್ನ ಹೀರೋದು ರಕ್ತದ ಹಿಮೋಗ್ಲೋಬಿನ್ ಮತ್ತು ಮೆಲನಿನ್. 810 ನ್ಯಾನೋಮೀಟರ್ ಡಯೋಡ್‌ನಲ್ಲಿ ಮೆಲನಿನ್ ಹೀರಿಕೆ ಜಾಸ್ತಿ. ನಮ್ಮಲ್ಲಿ ಅರ್ಧಕ್ಕರ್ಧ ಜನರ ಒಸಡು ಕಂದು ಇಲ್ಲ ಕಪ್ಪು. ಗುಲಾಬಿ ಒಸಡಿಗೆ ಬರೆದ ಪುಸ್ತಕದ ವ್ಯಾಟ್ ಇಲ್ಲಿ ಹಾಕಿದರೆ ಅಂಚು ಬೆಳ್ಳಗೆ ಬೆಂದು ಎರಡನೇ ದಿನ ಸಿಪ್ಪೆ ಏಳುತ್ತೆ. ಕೆಳಗಿಂದ ಶುರು ಮಾಡಿ, ಬೇಕಾದರೆ ಏರಿಸಿ.

ಚಿಕ್ಕಮಗಳೂರು_ಲೇಸರ್
ಪಲ್ಸ್ಡ್, ತುದಿಗೆ ಕಪ್ಪು ಹಿಡಿಸಿಲ್ಲ. ಮೊದಲೇ ಹೇಳಬೇಕಿತ್ತು, ಸರಿ.

ಮೂಡಿಗೆರೆಯವರಿಗೆ ಪೂರ್ತಿ ಬರೀತೀನಿ. ಕಪ್ಪು ಹಿಡಿಸೋದು ಅಂದರೆ ಫೈಬರ್ ತುದಿಯನ್ನ ಆರ್ಟಿಕ್ಯುಲೇಟಿಂಗ್ ಪೇಪರಿಗೋ (ಕಚ್ಚಿಸಿ ಗುರುತು ನೋಡೋ ಬಣ್ಣದ ಕಾಗದ) ಬಿರಡೆಗೋ ತಾಗಿಸಿ ಒಂದೆರಡು ಸಲ ಬೆಳಕು ಬಿಡೋದು. ಆಗ ಮಸಿ ಅಂಟಿ, ಬೆಳಕೆಲ್ಲ ತುದಿಯಲ್ಲೇ ಶಾಖ ಆಗುತ್ತೆ. ಕತ್ತರಿಸೋಕೆ ಅದು ಬೇಕು. ಪಾಕೆಟ್ ಒಳಗೆ ಬ್ಯಾಕ್ಟೀರಿಯಾ ಕಡಿಮೆ ಮಾಡೋಕೆ ಬೇಡ, ಅಲ್ಲಿ ಬೆಳಕು ಹೊರಗೆ ಬರಬೇಕು. ತಮಾಷೆ ಏನಂದ್ರೆ ರಕ್ತದ ಮಧ್ಯೆ ಹತ್ತು ಸೆಕೆಂಡು ಓಡಿಸಿದರೆ ರಕ್ತವೇ ಸುಟ್ಟು ಅಂಟಿ ತುದಿ ತಾನಾಗಿ ಕಪ್ಪಾಗುತ್ತೆ. ನೀವು ಬೆಳಕು ಅಂದುಕೊಂಡಿರ್ತೀರಿ, ಒಳಗೆ ನಡೀತಿರೋದು ಕಾದ ಕಂಬಿ ಕೆಲಸ.

ಅದಕ್ಕೇ ಹೀಗೆ ಮಾಡಿ. ಕ್ಯುರೆಟ್ (ಬೇರು ಕೆರೆಯೋ ಉಪಕರಣ) ಕೆಲಸ ಮುಗಿದ ಕೂಡಲೇ ಸಲೈನ್‌ನಿಂದ ಪಾಕೆಟ್ ತೊಳೆದು, ಒದ್ದೆ ಗಾಜ್ (ಬ್ಯಾಂಡೇಜ್ ಬಟ್ಟೆ) ಒತ್ತಿ ಒಂದೆರಡು ನಿಮಿಷ ಹಿಡಿಯಿರಿ. ಬೇರಿನ ಮೇಲೆ ರಕ್ತದ ಪೊರೆ ಉಳಿದರೆ ಅದು ಬೆಳಕು ಹೀರಿ ಬೇರಿನ ಮೇಲೇ ಇದ್ದಿಲಾಗುತ್ತೆ. ಫೈಬರ್‌ನ ಉದ್ದ ಪಾಕೆಟ್ ಆಳಕ್ಕಿಂತ 1 ಮಿ.ಮೀ. ಕಮ್ಮಿ: 7 ಇದ್ದರೆ 6. ರೂಟ್ ಕೆನಾಲ್ ಫೈಲಿನ ರಬ್ಬರ್ ಸ್ಟಾಪರ್ ಹಾಕಿ ಗುರುತು ಮಾಡಿಕೊಳ್ಳಿ, ಕಣ್ಣಂದಾಜು ಬೇಡ. ತುದಿ ಬೇರಿಗೆ ಸಮಾನಾಂತರ, ಮುಖ ಒಸಡಿನ ಕಡೆ. ಕೆಳಗಿಂದ ಮೇಲಕ್ಕೆ, ಅಡ್ಡಡ್ಡ, ಗೋಡೆಗೆ ಸುಣ್ಣ ಹೊಡೆದ ಹಾಗೆ ಎಳೀತಾ ಬನ್ನಿ. ಒಂದು ಸೆಕೆಂಡೂ ಒಂದೇ ಕಡೆ ನಿಲ್ಲಿಸಬೇಡಿ. ಸರಾಸರಿ 0.8ರಿಂದ 1 ವ್ಯಾಟ್ ದಾಟಬೇಡಿ, ಪ್ರತಿ ಬದಿಗೆ 15–20 ಸೆಕೆಂಡು. ಬದಿ ಬದಲಿಸುವಾಗ ತುದಿಯನ್ನ ಒದ್ದೆ ಗಾಜ್‌ನಲ್ಲಿ ಒರೆಸಿ. ಸ್ಪಿರಿಟ್ ಹಾಕಿದ ಗಾಜ್ ಅಂತೂ ಬೇಡ, ಹೊತ್ತಿಕೊಳ್ಳುತ್ತೆ. ರೋಗಿ ಕೈ ಎತ್ತಿದರೆ ಪೆಡಲ್‌ನಿಂದ ಕಾಲು ತೆಗೀರಿ. ಮರಗಟ್ಟಿಸಿದ ಮೇಲೂ ಬಿಸಿ ಗೊತ್ತಾಗ್ತಿದೆ ಅಂದರೆ ನೀವು ಮಿತಿ ದಾಟಿದ್ದೀರಿ.

ಹಾಸನ_ಪೆರಿಯೋ
ಕ್ರಮ ಸರಿಯಾಗಿದೆ. ಇಷ್ಟು ಮಾಡೋರಿಗೆ ನನ್ನ ತಕರಾರಿಲ್ಲ. ಆದರೆ ಲೇಸರ್ ಬಗ್ಗೆ ಹತ್ತು ಪ್ಯಾರಾ ಬರುತ್ತೆ, ಕ್ಯುರೆಟ್ ಬಗ್ಗೆ ಒಂದೂ ಬರಲ್ಲ. 7 ಮಿ.ಮೀ. ಗೆಲ್ಲೋದೂ ಸೋಲೋದೂ ಅಲ್ಲಿ.

36ರ ಹಿಂಬದಿ: ಗ್ರೇಸಿ ಕ್ಯುರೆಟ್ 13/14. 46ರ ಮುಂಬದಿ: 11/12. 5 ಮಿ.ಮೀ. ದಾಟಿದರೆ ಮಾಮೂಲಿ ಗ್ರೇಸಿಯ ಕುತ್ತಿಗೆ ಒಸಡಿಗೆ ತಡೆಯುತ್ತೆ, ತಳ ಮುಟ್ಟಲ್ಲ. ಕುತ್ತಿಗೆ 3 ಮಿ.ಮೀ. ಉದ್ದ ಇರೋ ಮಾದರಿ ಬರುತ್ತಲ್ಲ, ಅದು ತಗೊಳ್ಳಿ. ಪಾಕೆಟ್ ಇಕ್ಕಟ್ಟಾಗಿದ್ದರೆ ಅಲಗು ಅರ್ಧ ಗಾತ್ರದ ಮಿನಿ. ಒಳಗೆ ಇಳಿಸುವಾಗ ಅಲಗನ್ನ ಬೇರಿಗೆ ಮಲಗಿಸಿ, ತಳ ತಲುಪಿದ ಮೇಲೆ 45ರಿಂದ 90 ಡಿಗ್ರಿ ನಡುವೆ ತೆರೆದು ಎಳೀರಿ. 45ಕ್ಕಿಂತ ಕಡಿಮೆ ಕೋನದಲ್ಲಿ ಎಳೆದರೆ ಕಿಟ್ಟ ಬರಲ್ಲ, ಅದರ ಮೇಲ್ಮೈ ನುಣುಪಾಗುತ್ತೆ. ಎಕ್ಸ್‌ಪ್ಲೋರರ್ (ತಡಕಿ ನೋಡೋ ಸೂಜಿಕಡ್ಡಿ) ಜಾರುತ್ತೆ, ನೀವು "ಕ್ಲೀನ್" ಅಂತ ಬರೀತೀರಿ, ಮೂರು ತಿಂಗಳಿಗೆ ಅದೇ ಜಾಗದಲ್ಲಿ ಕೀವು. ಅಲಗು ಮೊಂಡಾಗಿದ್ದರೂ ಇದೇ ಕಥೆ. ದೀಪದ ಕೆಳಗೆ ಅಂಚು ಹಿಡಿದು ನೋಡಿ: ಉದ್ದಕ್ಕೆ ಬಿಳಿ ಗೆರೆ ಮಿಂಚಿದರೆ ಮೊಂಡು, ಹರಿತವಾದ ಅಂಚು ಬೆಳಕು ತಿರುಗಿಸಲ್ಲ. ಅಲ್ಟ್ರಾಸಾನಿಕ್ (ಕಂಪಿಸಿ ಕಿಟ್ಟ ಬಿಡಿಸೋ ಯಂತ್ರದ) ತುದಿ 2 ಮಿ.ಮೀ. ಸವೆದಿದ್ದರೆ ಅರ್ಧ ಶಕ್ತಿ ಹೋಗಿರುತ್ತೆ, ಎಸೆಯಿರಿ. ನಮ್ಮ ಕ್ಲಿನಿಕ್ಕುಗಳಲ್ಲಿ ಅದನ್ನ ಮನೆದೇವರ ಹಾಗೆ ಇಟ್ಟುಕೊಂಡಿರ್ತಾರೆ.

ಡಯೋಡ್ ಕಿಟ್ಟ ತೆಗೆಯಲ್ಲ. ಒಸಡಿನ ಕೆಳಗಿನ ಕಪ್ಪು ಕಿಟ್ಟ ಬೆಳಕು ಹೀರಿ ಕಾಯುತ್ತೆ, ಅಷ್ಟೇ. ಕಿಟ್ಟ ಬಿಟ್ಟು ಲೇಸರ್ ಹಾಕೋದು ಪಾತ್ರೆ ತಳ ಉಜ್ಜದೆ ಬಿಸಿನೀರು ಸುರಿದ ಹಾಗೆ.

26ರ ಕವಲಿಗೆ ಬರೋಣ. ಕವಲಿನ ಬಾಯಿ ಎಷ್ಟೋ ಹಲ್ಲುಗಳಲ್ಲಿ 1 ಮಿ.ಮೀ.ಗಿಂತ ಕಿರಿದು, ಕ್ಯುರೆಟ್ ಅಲಗಿನ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಅಲ್ಲಿ ಕ್ಯುರೆಟ್ ಹಿಡಿದು ಒದ್ದಾಡಬೇಡಿ, ಸಣ್ಣ ಅಲ್ಟ್ರಾಸಾನಿಕ್ ತುದಿ ಹೋಗುತ್ತೆ.

ಬಯೋಮೆಡ್_ಅರಸೀಕೆರೆ
ಯಂತ್ರದ ಕಡೆಯಿಂದ ಒಂದಿಷ್ಟು.

"ಲೇಸರ್ ವೀಕ್ ಆಗಿದೆ" ಅಂತ ಬರೋ ದೂರಿನಲ್ಲಿ ಹೆಚ್ಚಿನವು ಯಂತ್ರದ್ದಲ್ಲ, ಫೈಬರ್ ತುದಿಯದ್ದು. ತುದಿ ಕಪ್ಪಾಗಿ, ಗಾಜು ಒಡೆದು, ಬೆಳಕು ಅಡ್ಡ ಚೆಲ್ಲುತ್ತೆ. ಮೇಲಿನ ಹೊದಿಕೆ ಸ್ವಲ್ಪ ಸುಲಿದು, ಕ್ಲೀವರ್‌ನಿಂದ (ಫೈಬರ್ ಗೀರೋ ಅಲಗು) ಒಂದೇ ಗೀರು ಎಳೆದು, ನೇರಕ್ಕೆ ಎಳೆದು ಮುರಿಯಿರಿ. ಕತ್ತರಿಯಲ್ಲಿ ಕತ್ತರಿಸಬೇಡಿ. ಆಮೇಲೆ ಬಿಳಿ ಕಾಗದದ ಮೇಲೆ ಕೆಂಪು ಗುರಿದೀಪ ಬಿಟ್ಟು ನೋಡಿ: ಚುಕ್ಕೆ ಗುಂಡಗೆ, ಅಂಚು ಸಾಫ್ ಇರಬೇಕು. ಧೂಮಕೇತು ಥರ ಬಾಲ ಕಂಡರೆ ಇನ್ನೊಮ್ಮೆ ಕತ್ತರಿಸಿ. ಮುರಿದ ಗಾಜಿನ ಚೂರು ಕಸದ ಬುಟ್ಟಿಗಲ್ಲ, ಸೂಜಿ ಹಾಕೋ ಡಬ್ಬಿಗೆ. ಫೈಬರನ್ನ ಬೆರಳಿಗೆ ಬಿಗಿಯಾಗಿ ಸುತ್ತಿದರೂ ಒಳಗೆ ಮುರಿಯುತ್ತೆ, ಹೊರಗೆ ಕಾಣಲ್ಲ.

ಪರದೆಯ ವ್ಯಾಟ್ ನಂಬಬೇಡಿ. ವರ್ಷಕ್ಕೊಮ್ಮೆ ಪವರ್ ಮೀಟರ್ ಇಟ್ಟು ತುದಿಯಲ್ಲಿ ಎಷ್ಟು ಬರ್ತಿದೆ ಅಳೆಸಿ.

ಕನ್ನಡಕ: ಅರ್ಧ ವ್ಯಾಟ್ ದಾಟಿದ್ದೆಲ್ಲ 4ನೇ ವರ್ಗದ ಲೇಸರ್. ಕನ್ನಡಿಯಿಂದ ತಿರುಗಿ ಬಂದ ಬೆಳಕೂ ಕಣ್ಣು ತೆಗೆಯುತ್ತೆ, ಅದೂ ಕಾಣದ ಬೆಳಕು, ರೆಪ್ಪೆ ಮಿಟುಕಿಸೋಕೂ ಗೊತ್ತಾಗಲ್ಲ. ಗಾಜಿನ ಮೇಲೆ ಅಚ್ಚಾಗಿರೋ ಸಂಖ್ಯೆ ಓದಿ. 800–1000 ಅಂತಿದ್ದರೆ 980ಕ್ಕೆ ಆಯ್ತು, 2940ರ ಎರ್ಬಿಯಂಗೆ ಆಗಲ್ಲ. ಓಡಿ (ಬೆಳಕು ತಡೆಯೋ ಪ್ರಮಾಣ) ಸಂಖ್ಯೆ 5 ಇಲ್ಲ ಅದಕ್ಕಿಂತ ಮೇಲೆ ಇರಲಿ. ವೈದ್ಯರು, ಸಹಾಯಕಿ, ರೋಗಿ ಮೂವರಿಗೂ ಬೇಕು. ರೋಗಿಗೆ ಟವೆಲ್ ಮುಚ್ಚಿ ಮುಗಿಸೋರನ್ನ ನೋಡಿದ್ದೀವಿ, ಅದು ಆಗಬಾರದು.

ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಎಷ್ಟೋ ಡಯೋಡ್ ಬ್ಯಾಟರಿಯಲ್ಲಿ ಓಡುತ್ತೆ, ಸಕ್ಷನ್ (ಉಗುಳು, ಹೊಗೆ ಎಳೆಯೋ ಯಂತ್ರ) ಓಡಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಸಕ್ಷನ್ ನಿಂತಿದ್ದರೂ ಲೇಸರ್ ಹಸಿರು ದೀಪ ತೋರಿಸ್ತಾ ಇರುತ್ತೆ. ಹೊಗೆ ಎಳೆಯೋರಿಲ್ಲದೆ ಪೆಡಲ್ ಮೇಲೆ ಕಾಲಿಡಬೇಡಿ. ಆ ಹೊಗೆಯಲ್ಲಿ ಸುಟ್ಟ ಅಂಗಾಂಶ, ರೋಗಾಣುವಿನ ಚೂರು ಇರುತ್ತೆ. ಮಾಮೂಲಿ ಸರ್ಜಿಕಲ್ ಮಾಸ್ಕ್ ಸಾಲಲ್ಲ, ಎನ್95 ಹಾಕಿ.

ಮೂಡಿಗೆರೆ_ದಂತ
ಸಕ್ಷನ್ ವಿಷಯ ಹೇಳಿದ್ದು ಒಳ್ಳೆದಾಯ್ತು, ಯುಪಿಎಸ್‌ಗೆ ಅದನ್ನ ಸೇರಿಸಿಲ್ಲ.

ಎರಡು ಪ್ರಶ್ನೆ. ಡಯೋಡ್ ಬಿಟ್ಟು ಎರ್ಬಿಯಂ ಆದರೆ ಲೆಕ್ಕ ಬದಲಾಗುತ್ತಾ? ವಿಡಿಯೋಗಳಲ್ಲಿ ತೋರಿಸೋ "ಲೇಸರ್‌ನಿಂದ ಹೊಸ ಮೂಳೆ" ಅನ್ನೋದು ಯಾವುದು?

ಹಾಸನ_ಪೆರಿಯೋ
ಎರ್ಬಿಯಂ ಯಾಗ್, 2940 ನ್ಯಾನೋಮೀಟರ್, ಇದರ ಬೆಳಕನ್ನ ಹೀರೋದು ನೀರು. ಹಾಗಾಗಿ ಕಿಟ್ಟವನ್ನೂ ಒಡೆಯುತ್ತೆ. ಡಯೋಡ್‌ಗೆ ಇಲ್ಲದ ಗುಣ. ಉಳಿ ಆಕಾರದ ತುದಿ, 160 ಮಿಲಿಜೂಲ್, ಸೆಕೆಂಡಿಗೆ 10 ಪಲ್ಸ್, ನೀರು ಬಿಟ್ಟುಕೊಂಡು, ಬೇರಿಗೆ 15–20 ಡಿಗ್ರಿ ಓರೆ. ಇದು ತುಂಬ ಪ್ರಯೋಗಗಳಲ್ಲಿ ಬಳಸಿದ ಸೆಟ್ಟಿಂಗ್. ನೀರು ನಿಂತರೆ ಬೇರು ಬಿರುಕು ಬಿಡುತ್ತೆ. ಫಲಿತಾಂಶ ಕ್ಯುರೆಟ್‌ಗೆ ಸಮ, ಮೇಲಲ್ಲ. ಬೆಲೆ ಡಯೋಡ್‌ನ ಹಲವು ಪಟ್ಟು. ಮೂಡಿಗೆರೆಯ ಒಂದು ಕುರ್ಚಿ ಕ್ಲಿನಿಕ್ಕಿಗೆ ಯೋಚಿಸಲೂ ಬೇಡಿ.

ಹೊಸ ಮೂಳೆ ಅಂತ ನೀವು ನೋಡಿದ್ದು 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ವಿಧಾನ. ಅಮೆರಿಕದ ಎಫ್‌ಡಿಎ (ಔಷಧ, ಉಪಕರಣ ನಿಯಂತ್ರಕ ಸಂಸ್ಥೆ) 2004ರಲ್ಲಿ ಅದಕ್ಕೆ ಅನುಮತಿ ಕೊಟ್ಟು, 2016ರಲ್ಲಿ ಅಂಗಾಂಶ ಪುನರುತ್ಪತ್ತಿಯ ಮಾತಿಗೂ ಒಪ್ಪಿತು. ಅದು ಎರಡು ಸುತ್ತಿನ ಕ್ರಮ: ಮೊದಲ ಸುತ್ತಿನಲ್ಲಿ ಒಳಪದರ ತೆಗೆದು, ಬೇರು ಕೆರೆದು, ಎರಡನೇ ಸುತ್ತಿನಲ್ಲಿ ರಕ್ತ ಹೆಪ್ಪುಗಟ್ಟಿಸಿ ಪಾಕೆಟ್‌ಗೆ ಬಿರಡೆ ಹಾಕಿದ ಹಾಗೆ ಮುಚ್ಚೋದು. ಆ ಯಂತ್ರವೇ ಬೇರೆ, ಪಲ್ಸೇ ಬೇರೆ. 980 ಡಯೋಡ್ ಮಾರೋರು ಆ ಚಿತ್ರ ತೋರಿಸ್ತಿದ್ದರೆ ಬಾಗಿಲು ತೋರಿಸಿ. ಇಂಪ್ಲಾಂಟ್ ಪಕ್ಕದಲ್ಲಂತೂ ಎನ್‌ಡಿ ಯಾಗ್ ಬೇಡ, ಟೈಟಾನಿಯಂ ಮೇಲ್ಮೈ ಕರಗುತ್ತೆ.

ಕಡೂರು_ಸಕ್ಕರೆ
ಹಲ್ಲಿನವನಲ್ಲ, ಮಧುಮೇಹ ನೋಡೋನು. 8.1ರ ಬಗ್ಗೆ ಯಾರೂ ನಿಂತು ಮಾತಾಡಿಲ್ಲವಲ್ಲ! ಒಸಡು ರೋಗದ 2017ರ ವರ್ಗೀಕರಣದಲ್ಲಿ ಎಚ್‌ಬಿಎ1ಸಿ 7 ಮುಟ್ಟಿದ ಕೂಡಲೇ ಆ ರೋಗಿ ಗ್ರೇಡ್ ಸಿ, ವೇಗವಾಗಿ ಕೆಡುವ ಗುಂಪು. ಸಕ್ಕರೆ ಇಳಿಸದೆ ಲೇಸರ್ ತರಂಗ ಲೆಕ್ಕ ಹಾಕೋದು ಸೋರೋ ಮನೆಗೆ ಬಣ್ಣ ಬಳಿದ ಹಾಗೆ.

ಇದು ಎರಡೂ ಕಡೆ ನಡೆಯೋ ದಾರಿ. ಒಸಡು ಚಿಕಿತ್ಸೆ ಸರಿಯಾಗಿ ಆದರೆ 3–4 ತಿಂಗಳಲ್ಲಿ ಎಚ್‌ಬಿಎ1ಸಿ ಸುಮಾರು 0.4 ಇಳಿಯುತ್ತೆ ಅಂತ ದೊಡ್ಡ ವಿಮರ್ಶೆಗಳು ಹೇಳ್ತವೆ, ಇನ್ನೊಂದು ಮಾತ್ರೆ ಸೇರಿಸಿದ್ದಕ್ಕೆ ಹತ್ತಿರ ಹತ್ತಿರ. ಅದಕ್ಕೆ ಲೇಸರ್ ಬೇಕಿಲ್ಲ, ಕಿಟ್ಟ ಹೋದರೆ ಸಾಕು.

ಅಪಾಯಿಂಟ್‌ಮೆಂಟ್ ಬೆಳಿಗ್ಗೆ, ತಿಂಡಿ ತಿಂದು ಮಾತ್ರೆ ನುಂಗಿದ ಮೇಲೆ ಕೊಡಿ. ಮರಗಟ್ಟಿದ ಬಾಯಲ್ಲಿ ಮಧ್ಯಾಹ್ನದ ಊಟ ಬಿಟ್ಟು ಇನ್ಸುಲಿನ್ ಮಾತ್ರ ತಗೊಂಡು ತೋಟದಲ್ಲಿ ಕುಸಿದು ಬೀಳೋದು ಹೀಗೇ.

ಮೂಡಿಗೆರೆ_ದಂತ
ಬೀಡಿ ದಿನಕ್ಕೆ ಹತ್ತರೊಳಗೆ ಇದೆಯಲ್ಲ, ಗ್ರೇಡ್ ಬಿ ಅಂತ ಬರೆದಿದ್ದೆ. ಸಕ್ಕರೆಯಿಂದ ಸಿ ಆಗುತ್ತೆ, ಸರಿ.

ಹಾಸನ_ಪೆರಿಯೋ
ಹೌದು, ಎರಡರಲ್ಲಿ ಯಾವುದು ಕೆಟ್ಟದೋ ಅದೇ ಲೆಕ್ಕ. ಹೊಗೆಸೊಪ್ಪು ಜಗಿಯೋದು ಆ ಪಟ್ಟಿಯಲ್ಲೇ ಇಲ್ಲ, ಸೇದೋದನ್ನ ಮಾತ್ರ ಎಣಿಸ್ತಾರೆ. ಪಟ್ಟಿ ಮಾಡಿದವರು ನಮ್ಮ ಸಂತೆ ನೋಡಿಲ್ಲ. ಆದರೆ ಅದರಿಂದಲೇ ಒಂದು ಮುಖ್ಯ ಕೆಲಸ ಇದೆ: ಲೇಸರ್ ಹಿಡಿಯೋ ಮೊದಲು ಕೆನ್ನೆಯ ಒಳಗೆ, ಹೊಗೆಸೊಪ್ಪು ಇಡೋ ಜಾಗದಲ್ಲಿ, ನಾಲಿಗೆ ಅಂಚಿನಲ್ಲಿ ಬಿಳಿ, ಕೆಂಪು ಮಚ್ಚೆ ಇದೆಯಾ ನೋಡಿ. ಇದ್ದರೆ ಲೇಸರ್ ಅಲ್ಲ, ಬಯಾಪ್ಸಿ. ಸುಟ್ಟುಬಿಟ್ಟ ಮೇಲೆ ಪರೀಕ್ಷೆಗೆ ಏನೂ ಉಳಿಯಲ್ಲ.

ಬೇಲೂರು_ಓದುಗ
ನಾನು ವೈದ್ಯ ಅಲ್ಲ. ಕೆಳಗಿನ ಮುಂದಿನ ಹಲ್ಲು ಅಲ್ಲಾಡುತ್ತೆ. ಲೇಸರ್‌ನಿಂದ ಗಟ್ಟಿ ಆಗುತ್ತಾ? ನೋವು ಕಮ್ಮಿ ಅಂತಾರಲ್ಲ?

ಒಸಡು_ಸಹಾಯಕಿ_ಹಾಸನ
ಅಣ್ಣ, ಲೇಸರ್ ಹಲ್ಲನ್ನ ಗಟ್ಟಿ ಮಾಡಲ್ಲ. ಊತ ಇಳಿದಾಗ ಅಲುಗಾಟ ತುಸು ಕಡಿಮೆ ಆಗಬಹುದು, ಅದು ಸ್ಕೇಲಿಂಗ್‌ನಿಂದಲೂ ಆಗುತ್ತೆ. ಕರಗಿದ ಮೂಳೆ ಹಾಗೆ ವಾಪಸ್ ಬರಲ್ಲ. ಎಕ್ಸ್‌ರೇ ತೆಗೆಸಿ, ಆರು ಕಡೆ ಅಳತೆ ಬರೆದುಕೊಡಿ ಅಂತ ಕೇಳಿ. ಹಾಸನದಲ್ಲಿ ದಂತ ಕಾಲೇಜೇ ಇದೆ, ಒಸಡು ವಿಭಾಗದಲ್ಲಿ ತೋರಿಸಿಕೊಳ್ಳಬಹುದು. ಊತ ಇಳಿದಾಗ ಒಸಡು ಕೆಳಗೆ ಸರಿದು ಹಲ್ಲಿನ ನಡುವೆ ಕಪ್ಪು ತ್ರಿಕೋನ ಕಾಣುತ್ತೆ, ತಣ್ಣೀರು ಜುಂ ಅನ್ನುತ್ತೆ. ಇದನ್ನ ಮೊದಲೇ ಹೇಳದಿದ್ದರೆ "ಕ್ಲೀನ್ ಮಾಡಿ ಹಲ್ಲು ಸಂದಿ ಬಿಡಿಸಿದರು" ಅಂತ ಊರೆಲ್ಲ ಸುದ್ದಿ. ಡಾಕ್ಟರುಗಳೂ ಕೇಳಿಸಿಕೊಳ್ಳಿ.

ಆಮೇಲಿನ ಆರೈಕೆಗೆ ಬರ್ತೀನಿ. ಮೊದಲ ದಿನ ಬಿಸಿ, ಖಾರ ಬೇಡ. ಎಳ್ಳು, ಸಾಸಿವೆ ಒಗ್ಗರಣೆ ನಾಲ್ಕು ದಿನ ಬೇಡ, ಕಾಳು ಪಾಕೆಟ್ ಬಾಯಲ್ಲಿ ಕೂರುತ್ತೆ. ಮುದ್ದೆ ಸಾರು ಆರಿಸಿಕೊಂಡು ತಿನ್ನಬಹುದು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ 0.2 ಶೇಕಡಾ 10 ಮಿ.ಲೀ., ದಿನಕ್ಕೆ ಎರಡು ಸಲ, ಎರಡು ವಾರ, ಮುಗೀತು. ಪೇಸ್ಟ್ ಹಚ್ಚಿ ಉಜ್ಜಿದ ಅರ್ಧ ಗಂಟೆ ಆದಮೇಲೆ ಮುಕ್ಕಳಿಸಬೇಕು, ಪೇಸ್ಟಿನ ನೊರೆ ಅದನ್ನ ಕೆಡಿಸುತ್ತೆ. ನಮ್ಮ ಕಡೆ ದೊಡ್ಡ ತೊಂದರೆ ಕಾಫಿ: ಮುಕ್ಕಳಿಸಿದ ಬೆನ್ನಲ್ಲೇ ಲೋಟ ಹಿಡಿದರೆ ವಾರದಲ್ಲಿ ಹಲ್ಲಿನ ಬುಡ ಕಂದು. ಕಾಫಿ ಬಿಡಿ ಅಂದರೆ ಚಿಕ್ಕಮಗಳೂರಲ್ಲಿ ಯಾರೂ ಬಿಡಲ್ಲ, ಸುಮ್ಮನೆ ಹೇಳಬೇಡಿ. ಮೊದಲು ಕಾಫಿ, ಆಮೇಲೆ ಬರೀ ನೀರು, ಕೊನೆಗೆ ಮೌತ್‌ವಾಶ್ ಅನ್ನಿ. ಕೇಳ್ತಾರೆ.

ಸಂದಿ ಬ್ರಷ್ ಸೈಜು ನಾವೇ ಹಾಕಿ ನೋಡಿ ಕೊಡಬೇಕು: ತಂತಿ ತಾಗದೆ, ಕೂದಲು ಎರಡೂ ಕಡೆ ಸವರಿಕೊಂಡು ಹೋಗಬೇಕು. ಮುಂದಿನ ಹಲ್ಲಿಗೊಂದು ಸೈಜು, ದವಡೆಹಲ್ಲಿಗೊಂದು. ಬೇರು ಕೆರೆದ ಒಂದು ವಾರದ ಮೇಲೆ ಶುರು.

ಚಿಕ್ಕಮಗಳೂರು_ಲೇಸರ್
ನೋವಿನ ಪ್ರಶ್ನೆಗೆ ಉತ್ತರ ಉಳೀತು. ಸ್ಕೇಲಿಂಗ್‌ಗೆ ಹೇಗೂ 2 ಶೇಕಡಾ ಲಿಗ್ನೋಕೇಯ್ನ್ (ಮರಗಟ್ಟಿಸೋ ಇಂಜೆಕ್ಷನ್) ಕೊಟ್ಟಿರ್ತೀವಿ. ಲೇಸರ್ ಆಗೋದು ಅದರ ಬಲದಲ್ಲೇ. "ಇಂಜೆಕ್ಷನ್ ಇಲ್ಲದ ಲೇಸರ್" ಅಂತ ಬೋರ್ಡ್ ಹಾಕಿದ ಕಡೆ ಬೇರು ಎಷ್ಟು ಕೆರೆದಿದ್ದಾರೆ ಅಂತ ಕೇಳಿ ನೋಡಿ.

ಹಾಸನ_ಪೆರಿಯೋ
ಮೂಡಿಗೆರೆಯವರೇ, ನಿಮ್ಮ ಕೇಸಿಗೆ ನನ್ನ ಲೆಕ್ಕ ಹೀಗೆ. ಎರಡು ಸಿಟ್ಟಿಂಗ್, ಬಲಗಡೆ ಒಂದು, ಎಡಗಡೆ ಒಂದು, ತಲಾ ಒಂದು ಗಂಟೆಗೆ ಕಡಿಮೆ ಬೇಡ. ಯಂತ್ರ ಆಗಲೇ ಇದ್ದರೆ 36 ಮತ್ತು 46ರ ಆಳದ ಬದಿಗೆ ಮಾತ್ರ ಲೇಸರ್ ಹಾಕಿ, ಅದಕ್ಕೆ ಬೇರೆ ಬಿಲ್ ಮಾಡಬೇಡಿ. ಯಂತ್ರ ಇಲ್ಲದಿದ್ದರೆ ಆ ದುಡ್ಡಿನಲ್ಲಿ ಉದ್ದ ಕುತ್ತಿಗೆಯ ಎರಡು ಸೆಟ್ ಗ್ರೇಸಿ, ಹರಿತ ಮಾಡೋ ಕಲ್ಲು, ಸಣ್ಣ ಅಲ್ಟ್ರಾಸಾನಿಕ್ ತುದಿಗಳು ತಗೊಂಡು ಮಿಕ್ಕಿದ್ದು ಬ್ಯಾಂಕಿಗೆ.

ಆರು ವಾರಕ್ಕೆ ಮೊದಲು ಪ್ರೋಬ್ ಒಳಗಿಡಬೇಡಿ, ಮಾಯುತ್ತಿರೋ ಜಾಗ ಹರಿಯುತ್ತೆ. ಮೂರು ತಿಂಗಳಿಗೆ ಅದೇ ಪ್ರೋಬ್, ಅದೇ ಕೈ, ಅದೇ ಆರು ಜಾಗ. 4–5 ಉಳಿದು ರಕ್ತ ಬಂದರೆ ಮತ್ತೊಮ್ಮೆ ಕೆರೆಯಿರಿ. 6 ಇಲ್ಲ ಹೆಚ್ಚು ಉಳಿದರೆ ಫ್ಲಾಪ್ (ಒಸಡು ಬಿಡಿಸಿ ಮಾಡೋ ಸರ್ಜರಿ) ತೆರೆಯೋಕೆ ಕಳಿಸಿ, ಇನ್ನೊಂದು ಸುತ್ತು ಲೇಸರ್ ಅಂತ ಎಳೀಬೇಡಿ. 26ರ ಕವಲು ಹೇಗೂ ಸರ್ಜರಿಗೆ ಬರೋ ಸಾಧ್ಯತೆಯೇ ಹೆಚ್ಚು, ರೋಗಿಗೆ ಇವತ್ತೇ ಹೇಳಿಡಿ.

ಮೂಡಿಗೆರೆ_ದಂತ
ಯಂತ್ರದ ಯೋಚನೆ ಸದ್ಯಕ್ಕೆ ಕೈಬಿಟ್ಟೆ. ಮೂರು ತಿಂಗಳ ತಾರೀಕು ನೋಡಿದರೆ ಜನವರಿ ಮಧ್ಯಕ್ಕೆ ಬೀಳುತ್ತೆ, ಕಾಫಿ ಕುಯ್ಲಿನ ಕಾಲ. ಆಗ ಒಂದು ದಿನದ ಕೂಲಿ ಬಿಟ್ಟು ಬರೋರಲ್ಲ.

ಒಸಡು_ಸಹಾಯಕಿ_ಹಾಸನ
ಹಾಗಾದರೆ ಎಂಟನೇ ವಾರಕ್ಕೇ ಕರೆದು ಅಳೆದುಬಿಡಿ ಡಾಕ್ಟ್ರೇ, ಡಿಸೆಂಬರ್ ಎರಡನೇ ವಾರದ ಭಾನುವಾರ. ಕುಯ್ಲಿನ ಕೂಲಿ ಭಾನುವಾರವೂ ಇರುತ್ತೆ ಅಂದರೆ ಸಂಜೆ ಆರರ ಮೇಲೆ. ಎಚ್‌ಬಿಎ1ಸಿ ಚೀಟಿ ಅವತ್ತೇ ಬರೆದುಕೊಡಿ, ರಕ್ತ ಕೊಡೋದು ಜನವರಿಗೆ ಆಗಲಿ.